ನಿಮ್ಮ ಫೈರ್‌ವಾಲ್ ಇನ್ನು ಡೈರೆಕ್ಟರಿಯನ್ನು ಕೇಳಿ ಬಾಗಿಲು ತೆರೆಯುತ್ತದೆ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ಶನಿವಾರ ರಾತ್ರಿ ನಿಮ್ಮ ಕಚೇರಿಯ ಫೈರ್‌ವಾಲ್‌ನಲ್ಲಿ (ಕಚೇರಿಯ ಜಾಲಕ್ಕೆ ಬರುವ, ಹೋಗುವ ಸಂಪರ್ಕಗಳನ್ನು ಕಾಯುವ ಸಾಧನ) ಒಂದು ಬದಲಾವಣೆ ಮಾಡುತ್ತಿದ್ದೇವೆ. ಇಷ್ಟು ದಿನ ಫೈರ್‌ವಾಲ್ ತನ್ನೊಳಗೇ ಬಳಕೆದಾರರ ಒಂದು ಪಟ್ಟಿ ಇಟ್ಟುಕೊಂಡಿತ್ತು. ಇನ್ನು ಮುಂದೆ ಅದು ನಿಮ್ಮ ಸಂಸ್ಥೆಯ ಡೈರೆಕ್ಟರಿ ಸರ್ವರನ್ನು, ಅಂದರೆ ಸಿಬ್ಬಂದಿಯ ಖಾತೆಗಳನ್ನೂ ಗುಂಪುಗಳನ್ನೂ ಇಟ್ಟಿರುವ ಸರ್ವರನ್ನು, ಕೇಳಿ ಜನರನ್ನು ಗುರುತಿಸುತ್ತದೆ. ಬೆಳಗ್ಗೆ ಕಂಪ್ಯೂಟರ್ ತೆರೆಯಲು ಬಳಸುವ ಹೆಸರು, ಪಾಸ್‌ವರ್ಡ್‌ಗಳೇ ಇಂಟರ್ನೆಟ್‌ಗೂ ವಿಪಿಎನ್‌ಗೂ (ಹೊರಗಿನಿಂದ ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರುವ ದಾರಿ) ನಡೆಯುತ್ತವೆ; ವಿಪಿಎನ್‌ಗೆ ಮಾತ್ರ ಮೊಬೈಲ್‌ನ ಸಂಕೇತವೂ ಬೇಕು.

ಇದಕ್ಕೆ ಕಾರಣವಾದ ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇವೆ. ಇತ್ತೀಚೆಗೆ ಒಂದು ಕಚೇರಿಯ ಫೈರ್‌ವಾಲ್ ತಪಾಸಣೆ ಮಾಡುವಾಗ, ಕೆಲಸ ಬಿಟ್ಟು ಎರಡು ವರ್ಷವಾಗಿದ್ದ ಉದ್ಯೋಗಿಯೊಬ್ಬರ ವಿಪಿಎನ್ ಖಾತೆ ಇನ್ನೂ ಜೀವಂತವಾಗಿರುವುದು ಕಂಡಿತು. ಅವರು ಹೊರಟ ದಿನವೇ ಆ ಕಚೇರಿಯವರು ಡೈರೆಕ್ಟರಿಯಲ್ಲಿ ಖಾತೆ ಮುಚ್ಚಿದ್ದರು. ಫೈರ್‌ವಾಲ್‌ನ ಪಟ್ಟಿ ನಮ್ಮ ಕೈಯಲ್ಲಿತ್ತು, ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಖಾತೆಯಿಂದ ಯಾರೂ ಒಳಗೆ ಬಂದಿರಲಿಲ್ಲ ಎಂದು ಲಾಗ್ (ಫೈರ್‌ವಾಲ್ ಬರೆದಿಡುವ ದಾಖಲೆ) ನೋಡಿ ಖಚಿತಪಡಿಸಿಕೊಂಡೆವು. ಆದರೂ ಅಷ್ಟು ದಿನ ಬಾಗಿಲು ತೆರೆದಿದ್ದದ್ದು ನಿಜ, ಆ ತಪ್ಪು ನಮ್ಮದು. ಒಬ್ಬರ ನೆನಪಿನ ಮೇಲೆ ನಿಂತ ವ್ಯವಸ್ಥೆಯನ್ನು ಎಷ್ಟು ಜಾಗ್ರತೆಯಿಂದ ನಡೆಸಿದರೂ ಒಂದು ದಿನ ಅದು ಕೈಕೊಡುತ್ತದೆ.

ಹೊಸ ವ್ಯವಸ್ಥೆ ನಡೆಯುವುದು ಹೀಗೆ. ನೀವು ಹೆಸರು, ಪಾಸ್‌ವರ್ಡ್ ಕೊಟ್ಟಾಗ ಫೈರ್‌ವಾಲ್ ಮೊದಲು ತನಗೆಂದೇ ಇರುವ ಒಂದು ಸೇವಾ ಖಾತೆಯಿಂದ ಡೈರೆಕ್ಟರಿಯೊಳಗೆ ಹೋಗಿ, ಆ ಹೆಸರಿನವರು ಡೈರೆಕ್ಟರಿಯ ಯಾವ ಶಾಖೆಯಲ್ಲಿ ಇದ್ದಾರೆ ಎಂದು ಹುಡುಕುತ್ತದೆ. ಸಿಕ್ಕಿದ, ಡೈರೆಕ್ಟರಿಯೊಳಗಿನ ಪೂರ್ಣ ವಿಳಾಸ ಮತ್ತು ನೀವು ಕೊಟ್ಟ ಪಾಸ್‌ವರ್ಡ್ ಹಿಡಿದು ಮತ್ತೊಮ್ಮೆ ಸರ್ವರ್‌ನ ಮುಂದೆ ನಿಲ್ಲುತ್ತದೆ. ಸರ್ವರ್ ಒಪ್ಪಿದರೆ, ನೀವು ಯಾವ ಗುಂಪಿನ ಸದಸ್ಯರೋ ಆ ಗುಂಪಿನ ನಿಯಮಗಳು ನಿಮಗೆ ಅನ್ವಯಿಸುತ್ತವೆ. ಪಾಸ್‌ವರ್ಡ್ ಸರಿಯೇ ತಪ್ಪೇ ಎಂದು ತೀರ್ಮಾನಿಸುವುದು ಸರ್ವರ್. ಫೈರ್‌ವಾಲ್‌ನಲ್ಲಿ ನಿಮ್ಮ ಸಿಬ್ಬಂದಿಯ ಪಾಸ್‌ವರ್ಡ್‌ಗಳ ಪಟ್ಟಿ ಉಳಿಯುವುದಿಲ್ಲ.

ಈ ಮಾತುಕತೆಗೆ ಬಳಸುವ ಎಲ್‌ಡಿಎಪಿ (ಡೈರೆಕ್ಟರಿಯನ್ನು ಕೇಳುವ ಸಂವಹನ ನಿಯಮ) ಹಳೆಯ ಕ್ರಮದಲ್ಲಿ 389ನೇ ಪೋರ್ಟ್‌ನಲ್ಲಿ (ಸರ್ವರ್‌ನ ಸಂಖ್ಯೆಯುಳ್ಳ ಸಂಪರ್ಕ ದ್ವಾರ) ನಡೆಯುತ್ತದೆ. ಅಲ್ಲಿ ಗೂಢಲಿಪಿಯ ರಕ್ಷಣೆ ಸೇರಿಸದಿದ್ದರೆ ಪಾಸ್‌ವರ್ಡ್ ಬರೆದಂತೆಯೇ ತಂತಿಯ ಮೇಲೆ ಹರಿಯುತ್ತದೆ; ಅದೇ ಜಾಲದಲ್ಲಿ ಕಿವಿಗೊಟ್ಟು ಕುಳಿತವರಿಗೆ ಓದಲು ಕಷ್ಟವಿಲ್ಲ. ಆದ್ದರಿಂದ ನಾವು 636ನೇ ಪೋರ್ಟ್‌ನ ಟಿಎಲ್‌ಎಸ್ (ಗೂಢಲಿಪಿಯಲ್ಲಿ ಸಾಗುವ) ಸಂಪರ್ಕವನ್ನು ಮಾತ್ರ ಬಳಸುತ್ತೇವೆ, ಸರ್ವರ್‌ನ ಪ್ರಮಾಣಪತ್ರವನ್ನು ಪ್ರತಿ ಸಲವೂ ಪರಿಶೀಲಿಸುವಂತೆ ಇಡುತ್ತೇವೆ. ತೊಂದರೆ ಬಂದಾಗ ಆ ಪರಿಶೀಲನೆಯನ್ನು ನಿಲ್ಲಿಸಿಬಿಡುವ ಅಭ್ಯಾಸ ಅನೇಕ ಕಡೆ ಇದೆ. ಹಾಗೆ ನಿಲ್ಲಿಸಿದರೆ ಎದುರಿಗಿರುವುದು ನಿಮ್ಮ ಸರ್ವರೇ ಎಂಬ ಭರವಸೆಯೇ ಹೋಗುತ್ತದೆ. ನಿಮ್ಮ ಒತ್ತಾಯವಿದ್ದರೂ ಅದನ್ನು ನಾವು ಮಾಡಿಕೊಡುವುದಿಲ್ಲ, ದಯವಿಟ್ಟು ಬೇಸರಿಸಬೇಡಿ. ಪ್ರಮಾಣಪತ್ರದ ಅವಧಿ ಮುಗಿದರೆ ಎಲ್ಲರ ಲಾಗಿನ್ ಒಟ್ಟಿಗೇ ನಿಲ್ಲುತ್ತದೆ. ಅದಕ್ಕೆ 30 ದಿನ ಮುಂಚೆಯೇ ನಾವು ನೆನಪಿಸುತ್ತೇವೆ.

ನಿಮ್ಮಲ್ಲಿಗೆ ತರುವ ಮೊದಲು ಇದನ್ನು ನಮ್ಮ ಕಚೇರಿಯಲ್ಲೇ ನಡೆಸಿ ನೋಡಿದೆವು. ಅಲ್ಲಿ ಕಂಡದ್ದೊಂದು ನಮ್ಮ ನಿದ್ದೆ ಕೆಡಿಸಿತು. ಸರಿಯಾದ ಹೆಸರು ಬರೆದು ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಟ್ಟು ಗುಂಡಿ ಒತ್ತಿದರೆ, ಪರೀಕ್ಷೆಗಿಟ್ಟ ಸಾಧನ ಒಳಗೆ ಬಿಟ್ಟಿತು. ಪಾಸ್‌ವರ್ಡ್ ಇಲ್ಲದೆ ಬಂದವರನ್ನು ಅನಾಮಧೇಯರೆಂದು ಪರಿಗಣಿಸಿ ‘ಸರಿ’ ಎನ್ನುವ ಅವಕಾಶ ಎಲ್‌ಡಿಎಪಿಯಲ್ಲಿದೆ. ಆ ‘ಸರಿ’ಯನ್ನು ಸಾಧನ ಗುರುತು ಸಿಕ್ಕಿತೆಂದು ತಪ್ಪಾಗಿ ತಿಳಿಯಿತು. ಈಗ ಖಾಲಿ ಪಾಸ್‌ವರ್ಡನ್ನು ಸರ್ವರ್‌ಗೆ ಕಳುಹಿಸುವ ಮೊದಲೇ ತಿರಸ್ಕರಿಸುವಂತೆ ಮಾಡಿದ್ದೇವೆ. ನಿಮ್ಮ ಕಚೇರಿಯಲ್ಲಿ ಬದಲಾವಣೆಯ ರಾತ್ರಿ ನಾವು ಮಾಡುವ ಮೊದಲ ಪರೀಕ್ಷೆಯೂ ಇದೇ.

ಸೇವಾ ಖಾತೆಯ ಬಗ್ಗೆ ಒಂದು ಕೋರಿಕೆ. ಕೆಲಸ ಬೇಗ ಮುಗಿಯಲೆಂದು ಆಡಳಿತಾಧಿಕಾರ ಇರುವ ಖಾತೆಯನ್ನೇ ನಮಗೆ ಕೊಡಬೇಡಿ. ಫೈರ್‌ವಾಲ್‌ಗೆ ಓದುವ ಹಕ್ಕು ಮಾತ್ರ ಸಾಕು. ಆ ಖಾತೆಯ ಪಾಸ್‌ವರ್ಡ್ ತಾನಾಗಿ ಅವಧಿ ಮೀರಿದರೆ ಯಾರಿಗೂ ಒಳಗೆ ಬರಲಾಗುವುದಿಲ್ಲ, ಹಾಗಾಗಿ ಅದನ್ನು ಬದಲಿಸುವ ದಿನವನ್ನು ನಮ್ಮೊಂದಿಗೆ ಮಾತಾಡಿ ನಿಗದಿ ಮಾಡಿ.

ಗುಂಪುಗಳನ್ನೂ ಒಮ್ಮೆ ನೋಡಿಕೊಳ್ಳಿ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಒಬ್ಬರ ವಿವರ ಕೇಳಿದಾಗ ಸಾಮಾನ್ಯವಾಗಿ ಅವರು ನೇರವಾಗಿ ಸೇರಿರುವ ಗುಂಪುಗಳಷ್ಟೇ ಸಿಗುತ್ತವೆ. ‘ಲೆಕ್ಕಪತ್ರ’ ಗುಂಪನ್ನು ‘ವಿಪಿಎನ್ ಬಳಕೆದಾರರು’ ಗುಂಪಿನೊಳಗೆ ಇಟ್ಟಿದ್ದರೆ, ಲೆಕ್ಕಪತ್ರದವರು ವಿಪಿಎನ್‌ನಲ್ಲಿ ಇಲ್ಲವೆಂದೇ ಫೈರ್‌ವಾಲ್ ತಿಳಿಯಬಹುದು. ಒಳಗುಂಪುಗಳನ್ನೂ ಹುಡುಕುವ ವಿಧಾನವಿದೆ, ಆದರೆ ದೊಡ್ಡ ಡೈರೆಕ್ಟರಿಗಳಲ್ಲಿ ಅದು ನಿಧಾನ. ಫೈರ್‌ವಾಲ್‌ಗೆಂದೇ ಎರಡು ಮೂರು ಗುಂಪು ಮಾಡಿ, ಜನರನ್ನು ನೇರವಾಗಿ ಅವುಗಳಿಗೆ ಸೇರಿಸುವುದು ಒಳ್ಳೆಯದೆಂಬುದು ನಮ್ಮ ಅನುಭವ.

ಪ್ರಿಂಟರ್, ಕ್ಯಾಮೆರಾಗಳು ಹೆಸರು ಹೇಳಲಾರವು. ಅವು ಹಿಂದಿನಂತೆ ಐಪಿ ವಿಳಾಸದ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಮೇಲೆಯೇ ನಡೆಯುತ್ತವೆ. ಒಂದೇ ಟರ್ಮಿನಲ್ ಸರ್ವರ್‌ನಲ್ಲಿ ಹಲವರು ಕೆಲಸ ಮಾಡುವ ಕಚೇರಿಗಳಿಗೆ ಬೇರೆ ಏರ್ಪಾಡು ಬೇಕು, ಅವರೊಂದಿಗೆ ಪ್ರತ್ಯೇಕವಾಗಿ ಮಾತಾಡುತ್ತೇವೆ.

ಹೊರಗಿನವರು ವಿಪಿಎನ್ ಪುಟದಲ್ಲಿ ತಪ್ಪು ಪಾಸ್‌ವರ್ಡ್‌ಗಳನ್ನು ಮೇಲಿಂದ ಮೇಲೆ ಹಾಕಿದರೆ ಡೈರೆಕ್ಟರಿಯಲ್ಲಿ ನಿಮ್ಮ ಉದ್ಯೋಗಿಯ ಖಾತೆಯೇ ಬೀಗ ಬಿದ್ದು, ಅವರು ಮೇಜಿನ ಮುಂದೆ ಕೈಕಟ್ಟಿ ಕೂರಬೇಕಾದೀತು. ಇದನ್ನು ತಡೆಯಲು, ಸರ್ವರ್‌ನ ಮಿತಿಗಿಂತ ಕಡಿಮೆ ಪ್ರಯತ್ನಗಳಲ್ಲೇ ಫೈರ್‌ವಾಲ್ ಬಾಗಿಲು ಹಾಕುತ್ತದೆ. ವಿಪಿಎನ್‌ಗೆ ಮೊಬೈಲ್‌ನ ಎರಡನೇ ಸಂಕೇತವೂ ಕಡ್ಡಾಯ. ಸಿಬ್ಬಂದಿಯ ಫೋನಿನಲ್ಲಿ ಹಳೆಯ ವಿಪಿಎನ್ ಪಾಸ್‌ವರ್ಡ್ ಉಳಿದಿದ್ದರೆ ಶನಿವಾರದೊಳಗೆ ಅಳಿಸಲು ಹೇಳಿ.

ಡೈರೆಕ್ಟರಿ ಸರ್ವರ್ ನಿಂತರೆ? ನಿಮ್ಮಲ್ಲಿ ಎರಡು ಸರ್ವರ್ ಇದ್ದರೆ ಎರಡನ್ನೂ ನಮೂದಿಸುತ್ತೇವೆ. ಅದಲ್ಲದೆ ಫೈರ್‌ವಾಲ್‌ನೊಳಗೆ ಒಂದೇ ಒಂದು ಸ್ಥಳೀಯ ಆಡಳಿತ ಖಾತೆ ಉಳಿಯುತ್ತದೆ. ಅದರ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ನಿಮ್ಮ ಕಚೇರಿಯ ಜವಾಬ್ದಾರಿ ಹೊತ್ತವರ ಬಳಿ ಇರುತ್ತದೆ. ಲಕೋಟೆ ಒಡೆದ ದಿನವೇ ಪಾಸ್‌ವರ್ಡ್ ಬದಲಿಸುತ್ತೇವೆ.

ಇನ್ನೊಂದು ಮಾತು. ಇದುವರೆಗೆ ಲಾಗ್‌ನಲ್ಲಿ ಯಂತ್ರಗಳ ಐಪಿ ವಿಳಾಸ ಕಾಣುತ್ತಿತ್ತು, ಇನ್ನು ಮುಂದೆ ಜನರ ಹೆಸರು ಕಾಣುತ್ತದೆ. ಯಾರು ಯಾವ ತಾಣಕ್ಕೆ ಹೋದರೆಂಬುದು ದಾಖಲಾಗುತ್ತದೆ ಎಂದು ನಿಮ್ಮ ಸಿಬ್ಬಂದಿಗೆ ಮೊದಲೇ, ಬರಹದಲ್ಲಿ ತಿಳಿಸಿ. ಆ ಲಾಗ್ ನೋಡುವ ಹಕ್ಕು ಯಾರಿಗಿರಬೇಕು ಎಂಬುದನ್ನೂ ನಮಗೆ ಬರೆದು ಕಳುಹಿಸಿ. ಅಲ್ಲಿಯವರೆಗೆ ಹೆಸರುಗಳಿರುವ ವರದಿಯನ್ನು ಯಾರಿಗೂ ಕೊಡುವುದಿಲ್ಲ.

ಸರ್ವರ್‌ನ ಪ್ರಮಾಣಪತ್ರ, ಸೇವಾ ಖಾತೆಯ ವಿವರ ಮತ್ತು ಗುಂಪುಗಳ ಪಟ್ಟಿ ಬದಲಾವಣೆಯ ದಿನಕ್ಕೆ ಒಂದು ವಾರ ಮೊದಲು ನಮಗೆ ತಲುಪಲಿ. ಸೇವಾ ಖಾತೆಯ ಪಾಸ್‌ವರ್ಡನ್ನು ಮಾತ್ರ ಇಮೇಲ್‌ನಲ್ಲಿ ಬರೆಯದೆ ಫೋನ್‌ನಲ್ಲಿ ಹೇಳಿ. ಭಾನುವಾರ ಪೂರ್ತಿ ನಾವು ಪರೀಕ್ಷೆಯಲ್ಲಿರುತ್ತೇವೆ. ಸೋಮವಾರ ನಿಮ್ಮ ಕಚೇರಿ ತೆರೆಯುವ ಹೊತ್ತಿಗೆ ನಮ್ಮವರೊಬ್ಬರು ನಿಮ್ಮಲ್ಲಿಯೇ ಇರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಜಾಲ ನಿರ್ವಹಣಾ ತಂಡ