ಮಗುವಿನ ಕೈಕಾಲು ಹಿಡಿಯುವ ಮೊದಲು ನಮ್ಮನ್ನು ಕೇಳಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನನ್ನ ಮಗನಿಗೆ 9 ವರ್ಷ, ಆಟಿಸಂ ಇದೆ. ಹೆದರಿದಾಗ ಉಡುಪಿಯಿಂದ ಮನೆಗೆ ಬರುವ ಬಸ್ಸಿನ ನಿಲ್ದಾಣಗಳನ್ನು ಹೇಳಿಕೊಳ್ಳುತ್ತಾನೆ: ಕರಾವಳಿ ಬೈಪಾಸ್, ಆದಿ ಉಡುಪಿ, ಕಲ್ಮಾಡಿ, ಮಲ್ಪೆ. ಎರಡು ವರ್ಷಗಳ ಹಿಂದೆ, ಹರ್ನಿಯಾ ಶಸ್ತ್ರಚಿಕಿತ್ಸೆಯ ದಿನ, ಆಪರೇಷನ್ ಥಿಯೇಟರಿನ ಬಾಗಿಲಾಚೆಯಿಂದ ಅವನು ಅವೇ ಹೆಸರುಗಳನ್ನು ಕಿರುಚುವುದು ಕೇಳಿಸಿತು. ನಾಲ್ವರು ಅವನ ಕೈಕಾಲು ಹಿಡಿದಿದ್ದರಂತೆ. ಹಿಂದಿನ ರಾತ್ರಿಯ ಊಟದ ಬಳಿಕ ಒಂದು ಗುಟುಕು ನೀರೂ ಇಲ್ಲದೆ ಮಧ್ಯಾಹ್ನದವರೆಗೆ ಕಾದಿದ್ದ ಮಗು ಅದು. ಗಟ್ಟಿ ಆಹಾರವನ್ನು 6 ಗಂಟೆ ಮೊದಲು ನಿಲ್ಲಿಸಬೇಕು, ತಿಳಿ ನೀರನ್ನು 2 ಗಂಟೆ ಮೊದಲಿನವರೆಗೂ ಕೊಡಬಹುದು ಎಂಬುದು ಅರಿವಳಿಕೆ ತಜ್ಞರೇ ಪಾಲಿಸುವ ನಿಯಮ. ಆ ವಾರ್ಡಿನಲ್ಲಿ ನಮಗೆ ಅದನ್ನು ಯಾರೂ ಹೇಳಲಿಲ್ಲ. ಆಮೇಲೆ ಆರು ತಿಂಗಳು, ಹಸಿರು ಬಟ್ಟೆ ಕಂಡರೆ ಸಾಕು, ಅವನು ಮೇಜಿನಡಿ ಸೇರುತ್ತಿದ್ದ.

ಕಳೆದ ವರ್ಷ ಹುಳುಕು ಹಲ್ಲುಗಳಿಗಾಗಿ ಮತ್ತೆ ಅರಿವಳಿಕೆ ಬೇಕಾಯಿತು. ಆಸ್ಪತ್ರೆ ಬೇರೆ. ಅಲ್ಲಿನ ಅರಿವಳಿಕೆ ತಜ್ಞೆ ಒಂದು ವಾರ ಮೊದಲೇ ಫೋನ್ ಮಾಡಿ, ಯಾವ ಸದ್ದಿಗೆ ಹೆದರುತ್ತಾನೆ, ಯಾವ ಮಾತ್ರೆ ನುಂಗುತ್ತಿದ್ದಾನೆ, ಮುಟ್ಟಿದರೆ ಸಹಿಸುತ್ತಾನೆಯೇ ಎಂದೆಲ್ಲ ವಿಚಾರಿಸಿದರು. ಬೆಳಗಿನ ಮೊದಲ ಸರದಿಯನ್ನೇ ಕೊಟ್ಟರು. ಅರ್ಧ ಗಂಟೆ ಮುಂಚೆ ಬಾಯಿಗೆ ಮಿಡಜೋಲಮ್ ಎಂಬ ಮಂಪರು ಔಷಧಿ ಹಾಕಿ ಅವನನ್ನು ಶಾಂತಗೊಳಿಸಿದರು. ಮುಖಕ್ಕೆ ಮಾಸ್ಕ್ ಇಡುವಾಗ ನಾನು ಪಕ್ಕದಲ್ಲೇ ಇದ್ದೆ, ನಿಲ್ದಾಣಗಳನ್ನು ನಾನೇ ಹೇಳಿದೆ. ಕಲ್ಮಾಡಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದ. ಅರಿವಳಿಕೆಯಿಂದ ಏಳುವಾಗ ಮಕ್ಕಳು ಗಾಬರಿಗೊಂಡು ಒದ್ದಾಡುವುದುಂಟು. ಅವನು ಕಣ್ಣು ಬಿಡುವ ಮೊದಲೇ ನನ್ನನ್ನು ಕರೆಸಿಕೊಂಡರು.

ಇದಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಬೇಕಾದದ್ದು ಒಂದು ಫೋನ್ ಕರೆ, ಅದನ್ನು ಮಾಡಲು ಪುರುಸೊತ್ತಿರುವ ಒಬ್ಬ ವೈದ್ಯೆ. ಮೊದಲ ಆಸ್ಪತ್ರೆಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಸಂಜೆಯೊಳಗೆ ಅಷ್ಟುದ್ದದ ಪಟ್ಟಿ ಮುಗಿಸಬೇಕಿತ್ತು ಅವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಂ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. ನಾನು ಕಂಡಂತೆ ಆ ಆದ್ಯತೆ ಹೊರರೋಗಿಗಳ ಸಾಲಿನಲ್ಲೇ ಮುಗಿದುಹೋಗುತ್ತದೆ. ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿಯ ಹೆಸರಂತೂ ಕಾಯ್ದೆಯ ಪಟ್ಟಿಯಲ್ಲೇ ಇಲ್ಲ, ಆ ಮಕ್ಕಳ ಹೆತ್ತವರು ಯಾವ ಅಂಗವಿಕಲರ ಕಾರ್ಡ್ ತೋರಿಸಬೇಕು?

ಮಂಗಳೂರಿನ ವೆನ್ಲಾಕ್ ಮತ್ತು ಉಡುಪಿಯ ಜಿಲ್ಲಾ ಆಸ್ಪತ್ರೆಯಿಂದಲೇ ಆರಂಭಿಸಿ ಒಂದು ಸುತ್ತೋಲೆ ಹೊರಡಿಸಿ. ದಾಖಲಿಸಿಕೊಳ್ಳುವ ಮೊದಲು ಮಗುವಿನ ಸ್ವಭಾವದ ಬಗ್ಗೆ ಒಂದು ಪುಟದ ಪ್ರಶ್ನೆಗಳಿರಲಿ, ಕಾರ್ಡ್ ಕೇಳದೆ ಮೊದಲ ಸರದಿ ಸಿಗಲಿ, ನಿದ್ದೆ ಹತ್ತುವವರೆಗೆ ಹೆತ್ತವರಲ್ಲಿ ಒಬ್ಬರು ಒಳಗಿರಲಿ.

ಮಗನಿಗೆ ಇನ್ನೊಂದು ಹಲ್ಲಿನ ಚಿಕಿತ್ಸೆ ಬಾಕಿಯಿದೆ. ಆ ವೈದ್ಯೆ ಈಗ ಆ ಆಸ್ಪತ್ರೆಯಲ್ಲಿಲ್ಲ.

ಇತಿ,
ಮಲ್ಪೆಯ ಒಬ್ಬ ತಾಯಿ