ರೇಷನ್ ಅಕ್ಕಿ ಸಂಬಳದ ಲೆಕ್ಕಕ್ಕೆ ಸೇರಿದ್ದಲ್ಲ

ದಾವಣಗೆರೆ

ಪ್ರೀತಿಯ ಶಿಲ್ಪಾ,

ನಿನ್ನ ಕಾಗದ ಎರಡು ಸಲ ಓದಿದೆ. ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಅಂತ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ ಬರೆದ ನಾಲ್ಕು ಸಾಲು ನನಗೆ ನಿದ್ದೆ ಹತ್ತಗೊಡಲಿಲ್ಲ. ಸಂಬಳ 9,500, ಕೈಗೆ ನಗದು, ಚೀಟಿ ಇಲ್ಲ. ಮುಪ್ಪಿಗೆ ಉಳಿಯುವ ಪಿಎಫ್, ಕಾಯಿಲೆಗೆ ಆಗುವ ಇಎಸ್‌ಐ ಕೇಳಿದರೆ ಸಾಹುಕಾರ್ರು, "ಅದೆಲ್ಲ ಮಾಡಿಸಿದ್ರೆ ನಿಮ್ಮನೆ ಬಿಪಿಎಲ್ ಕಾರ್ಡ್ ಹೋಗುತ್ತೆ, ಗೃಹಲಕ್ಷ್ಮಿನೂ ನಿಲ್ಲುತ್ತೆ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಅಂದರಂತೆ. ಒಪ್ಪಿಕೊಳ್ಳಲಾ ಅಂತ ಕೇಳಿದ್ದೀಯ.

ಒಪ್ಪಿಕೊಳ್ಳಬೇಡ ತಾಯಿ. ಹತ್ತೊಂಬತ್ತು ವರ್ಷ ಅಂಥದೇ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಿಸಿದವಳು ಹೇಳ್ತಿದೀನಿ, ಕೇಳು.

ಅನ್ನಭಾಗ್ಯ ಶುರುವಾಗಿದ್ದು 2013ರ ಜುಲೈನಲ್ಲಿ. ಆಗ ಕೆಜಿಗೆ ಒಂದು ರೂಪಾಯಿ, ನಮ್ಮಂಥ ಮನೆಗೆ ತಿಂಗಳಿಗೆ 30 ಕೆಜಿ. ಮೊದಲ ಸಲ ಚೀಲ ತಂದಾಗ ನಿಮ್ಮವ್ವ ಒಂದು ಹಿಡಿ ಅಕ್ಕಿ ಅಂಗೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟಿದ್ದಳು. ಆ ವರ್ಷ ದೀಪಾವಳಿಗೆ ನಮ್ಮ ಸಂಬಳ ಜಾಸ್ತಿ ಮಾಡುತ್ತೇವೆ ಅಂತ ಅಂಗಡಿಯಲ್ಲಿ ಮೊದಲೇ ಮಾತು ಕೊಟ್ಟಿದ್ದರು. ಹಬ್ಬದ ವ್ಯಾಪಾರ ಮುಗಿದಾಗ ರಾತ್ರಿ ಹನ್ನೊಂದು. ಗಲ್ಲಾದ ಮುಂದೆ ಸಾಲಾಗಿ ನಿಂತೆವು. ಸಾಹುಕಾರ್ರು ನೋಟು ಎಣಿಸುತ್ತಲೇ, "ಈಗ ಅಕ್ಕಿ ಖರ್ಚು ಉಳೀತಲ್ಲಮ್ಮ, ಅದನ್ನೇ ಇನ್‌ಕ್ರಿಮೆಂಟ್ ಅಂದ್ಕೊಳ್ಳಿ" ಅಂದರು. ಹೆದರಿಕೆಗೆ ನಾವೆಲ್ಲ ನಕ್ಕೆವು. ಬಸ್ಸು ತಪ್ಪಿತ್ತು. ನಡೆದು ಬರುವಾಗ ನನಗೆ ಲೆಕ್ಕ ಹೊಳೆಯಿತು: ಸರ್ಕಾರ ನಮಗೆ ಅಂತ ಕೊಟ್ಟ ಅಕ್ಕಿ ನಮ್ಮ ಮನೆ ಹಾದು ಅವರ ಗಲ್ಲಾ ಸೇರಿತ್ತು.

ಅಮೆರಿಕದಲ್ಲೂ ಇದೇ ಕಥೆ ಅಂತ ಆಮೇಲೆ ಪೇಪರಿನಲ್ಲಿ ಓದಿದೆ. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2020ರಲ್ಲಿ ಒಂದು ವರದಿ ಕೊಟ್ಟಿತು. ಸರ್ಕಾರದ ಆಹಾರ ನೆರವು ಪಡೆಯುವ ದುಡಿಯುವ ಜನರಲ್ಲಿ ನೂರಕ್ಕೆ ಸುಮಾರು 70 ಮಂದಿ ವಾರಕ್ಕೆ 35 ಗಂಟೆಗೆ ಕಡಿಮೆಯಿಲ್ಲದೆ ದುಡಿಯುವವರೇ. ಅವರು ವಿಚಾರಿಸಿದ ರಾಜ್ಯಗಳಲ್ಲಿ ಇಂಥವರನ್ನು ಜಾಸ್ತಿ ಕೆಲಸಕ್ಕೆ ಇಟ್ಟುಕೊಂಡವರ ಪಟ್ಟಿಯಲ್ಲಿ ವಾಲ್‌ಮಾರ್ಟ್ ಅನ್ನುವ ದೊಡ್ಡ ಅಂಗಡಿ ಕಂಪನಿ ಮೇಲಿತ್ತು. ಪೂರ್ತಿ ದುಡಿದೂ ಊಟಕ್ಕೆ ಸರ್ಕಾರದ ಕಡೆ ನೋಡಬೇಕು ಅಂದರೆ ಆ ಸಹಾಯ ಯಾರಿಗೆ ಹೋದಂತಾಯಿತು ಹೇಳು?

ಈಗ ನಿನ್ನ ಕಾರ್ಡಿನ ಮಾತು. 9,500ನ್ನು 12ರಿಂದ ಗುಣಿಸು. 1,14,000. ಬಿಪಿಎಲ್ ಕಾರ್ಡಿಗೆ ಮನೆಯ ವರ್ಷದ ಆದಾಯದ ಮಿತಿ 1.2 ಲಕ್ಷ. ಅದಕ್ಕೆ ಸರಿಯಾಗಿ ಕೆಳಗೆ ನಿನ್ನ ಸಂಬಳ ಬಂದು ಕೂತಿದೆ, ನೋಡಿದೆಯಾ? ಮಿತಿ ಇರುವುದು ನಿಜ. ನಿನಗೆ ಸುಳ್ಳು ಹೇಳಲಾರೆ, ಸಂಬಳ ಕಾಗದದ ಮೇಲೆ ಬಂದರೆ ಕಾರ್ಡಿಗೆ ತೊಂದರೆ ಆದರೂ ಆಗಬಹುದು. ತಿಂಗಳಿಗೆ ಹತ್ತು ಸಾವಿರದಲ್ಲಿ ಈಗ ಯಾವ ಸಂಸಾರ ನಡೆಯುತ್ತೆ? ಆ ಮಿತಿಯೇ ತಪ್ಪು ಅನ್ನುವವಳು ನಾನು. 2024ರ ನವೆಂಬರಿನಲ್ಲಿ ಕಾರ್ಡ್ ರದ್ದಾಗಿ ಗಲಾಟೆ ಎದ್ದಾಗ ಸರ್ಕಾರವೇ ಹಿಂದೆ ಸರಿಯಿತು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಬಿಟ್ಟು ಉಳಿದವರ ಕಾರ್ಡ್ ತೆಗೆಯಬೇಡಿ ಅಂತ ಹೇಳಿತು.

ಆದರೆ ಗೃಹಲಕ್ಷ್ಮಿ ನಿಲ್ಲುತ್ತೆ ಅಂದದ್ದು ಸುಳ್ಳು. ನಿಮ್ಮವ್ವನ ಖಾತೆಗೆ ಬರುವ ಆ ಎರಡು ಸಾವಿರ ಎಪಿಎಲ್ ಕಾರ್ಡಿನವರಿಗೂ ಇದೆ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಗೆ ಮಾತ್ರ ಇಲ್ಲ. ಹರಿಹರದಿಂದ ನೀನು ದಿನಾ ಬಸ್ಸಿಗೆ ದುಡ್ಡು ಕೊಡದೆ ಬರುತ್ತೀಯಲ್ಲ, ಆ ಶಕ್ತಿ ಯೋಜನೆಗೆ ಯಾವ ಕಾರ್ಡೂ ಬೇಕಿಲ್ಲ, ಕರ್ನಾಟಕದ ಹೆಣ್ಣುಮಗಳಾದರೆ ಸಾಕು. ಕಾರ್ಡಿನ ಹೆದರಿಕೆ ತೋರಿಸಿ ನಿನ್ನಿಂದ ಎಷ್ಟು ಕಿತ್ತುಕೊಳ್ಳುತ್ತಿದ್ದಾರೆ ಗೊತ್ತಾ? ಲೆಕ್ಕ ಸುಲಭ ಆಗಲಿ ಅಂತ ಸಂಬಳ 12,000 ಅಂದುಕೋ. ಪಿಎಫ್‌ಗೆ ನಿನ್ನಿಂದ 1,440, ಸಾಹುಕಾರ್ರಿಂದ ಅಷ್ಟೇ. ಇಎಸ್‌ಐಗೆ ನಿನ್ನಿಂದ 90 ರೂಪಾಯಿ, ಅವರಿಂದ 390. ಅಂದರೆ ತಿಂಗಳು ತಿಂಗಳೂ 1,830 ಅವರಿಗೆ ಉಳಿಯುತ್ತೆ.

ಇಎಸ್‌ಐ ಇಲ್ಲದ್ದಕ್ಕೆ ನಾನು ಏನು ತೆತ್ತೆ ಅಂತ ನೀನೇ ನೋಡಿದ್ದೀಯ. ದಿನಕ್ಕೆ ಹತ್ತು ಹನ್ನೊಂದು ಗಂಟೆ ನಿಂತು ನಿಂತು ಕಾಲಿನ ನರ ಹಗ್ಗದ ಹಾಗೆ ಗಂಟು ಕಟ್ಟಿತು. ಗಿರಾಕಿ ಇಲ್ಲದ ಹೊತ್ತಲ್ಲೂ ಕೂರುವ ಹಾಗಿರಲಿಲ್ಲ. ಊಟಕ್ಕೆ ಅಂತ ಗೋಡೌನಿಗೆ ಹೋಗಿ ಸೀರೆ ಗಂಟಿನ ಮೇಲೆ ಹತ್ತು ನಿಮಿಷ ಕೂತರೆ ಅದೇ ಸ್ವರ್ಗ. ಆಪರೇಷನ್ನಿಗೆ ಕಿವಿಯ ಓಲೆ ಮಾರಿದೆ. ಅಂಗಡಿಯಲ್ಲಿ ನಾವು 26 ಜನ ಇದ್ದೆವು, ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು. ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್ ಕಟ್ಟಲೇಬೇಕು ಅಂತ ನನಗೆ ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ. ನಾಳೆ ನಿನಗೆ ಬಾಣಂತನ ಬಂದರೆ ಇಎಸ್‌ಐಯಿಂದ 26 ವಾರದ ಸಂಬಳ ಸಿಗುತ್ತೆ. ಯಾವ ರೇಷನ್ ಚೀಲವೂ ಅದನ್ನು ಕೊಡುವುದಿಲ್ಲ.

ಇನ್ನೊಂದು. ಕನಿಷ್ಠ ಕೂಲಿ ಹೇಗೆ ಲೆಕ್ಕ ಹಾಕಬೇಕು ಅಂತ 1957ರಲ್ಲೇ ಸರ್ಕಾರ, ಮಾಲೀಕರು, ಕಾರ್ಮಿಕರು ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಕೂತು ಒಪ್ಪಿದ್ದಾರೆ. ಒಬ್ಬರ ದುಡಿಮೆಯಲ್ಲಿ ನಾಲ್ಕು ಜನರ ಮನೆಗೆ ಮೂರು ದೊಡ್ಡವರ ಪಾಲಿನಷ್ಟು ಊಟ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆಯನ್ನೂ ಸೇರಿಸಿ ಅಂತ ಹೇಳಿತು. ಅಕ್ಕಿ ರೇಷನ್ ಅಂಗಡಿಯಿಂದ ಬರುತ್ತೆ, ಅಷ್ಟು ಕಳೆಯಿರಿ ಅಂತ ಅದರಲ್ಲಿ ಎಲ್ಲೂ ಇಲ್ಲ. ದಿನಕ್ಕೆ ನೂರಾರು ಗಜ ಬಿಚ್ಚಿ ಮಡಿಸುವ ಹುಡುಗಿಯರ ಮನೆಗೆ ಆ 72 ಗಜ ಬರುತ್ತಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಂಗಡಿ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕೂಲಿ ನಿನ್ನ 9,500ಕ್ಕಿಂತ ಜಾಸ್ತಿ ಇದೆ. ಅದಕ್ಕಿಂತ ಕಡಿಮೆಗೆ ನೀನು ಸಹಿ ಹಾಕಿಕೊಟ್ಟರೂ ಆ ಸಹಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹೀಗೆ ಅಂತ ಒಬ್ಬಳೇ ಹೋಗಿ ಜಗಳ ತೆಗೆಯಬೇಡ, ಮಾರನೇ ದಿನವೇ ಮನೆಗೆ ಕಳಿಸುತ್ತಾರೆ. ಜೊತೆಯ ಹುಡುಗಿಯರ ಹತ್ತಿರ ಮೊದಲು ಮಾತಾಡು. ನಾಲ್ಕೈದು ಜನ ಸೇರಿ ನೇಮಕಾತಿ ಪತ್ರ ಕೇಳಿ. ಅದನ್ನು ಕೊಡಬೇಕು ಅಂತ ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲೇ ಇದೆ. ಸಂಬಳ ಬ್ಯಾಂಕಿಗೆ ಹಾಕಿ ಅನ್ನಿ. ದಿನಾ ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಬಿಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡು. ಖಾಲಿ ಕಾಗದಕ್ಕೆ ಸಹಿ ಮಾತ್ರ ಹಾಕಲೇಬೇಡ.

ರೇಷನ್ ಕ್ಯೂನಲ್ಲಿ ನಿಲ್ಲಲು ನಾಚಿಕೆ ಅಂತ ಬರೆದಿದ್ದೀಯ. ನಾಚಿಕೆ ಯಾಕೆ ಮಗಳೇ? ನೀನು ಕೊಳ್ಳುವ ಸೋಪಿಗೂ ತೆರಿಗೆ ಕಟ್ಟುತ್ತೀಯ. ಆ ಅಕ್ಕಿ ನಿನ್ನದು. ತಲೆ ಎತ್ತಿ ತಾ.

ನಿನಗೆ ವಾರದ ರಜೆ ಯಾವತ್ತು, ತಿಳಿಸು. ಆ ದಿನ ಬೆಳಿಗ್ಗೆ ಬೇಗ ಬಂದುಬಿಡು. ಇಲ್ಲಿನ ಕಾರ್ಮಿಕ ಇಲಾಖೆ ಕಚೇರಿಗೆ ಇಬ್ಬರೂ ಹೋಗಿ ಈ ವರ್ಷದ ಕೂಲಿ ದರದ ಪಟ್ಟಿ ಕೇಳಿ ತರೋಣ. ಬರುವಾಗ ಆ ನೋಟ್‌ಬುಕ್ ತಾ. ರೊಟ್ಟಿ, ಶೇಂಗಾ ಚಟ್ನಿ ಮಾಡಿಟ್ಟಿರುತ್ತೇನೆ.

ನಿನ್ನ ದೊಡ್ಡವ್ವ