ನಿನ್ನ ಕಾಗದದ ಆ ಒಂದು ಸಾಲು

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಅಮೆರಿಕದಲ್ಲೇ ಅಂತರ್ಯುದ್ಧ ಆಗುವ ಕಥೆಯ ‘ಸಿವಿಲ್ ವಾರ್’ ಸಿನಿಮಾ, ಅದರಲ್ಲಿ ಯುದ್ಧದ ಫೋಟೋ ತೆಗೆದು ಪಳಗಿದ ಲೀ, ಅವಳ ಜೊತೆ ಹೊರಟ ಹೊಸ ಹುಡುಗಿ ಜೆಸ್ಸಿ, ಇವರ ಬಗ್ಗೆ ನೀನು ಅಷ್ಟುದ್ದ ಬರೆದಿದ್ದೀಯ. ಅದರ ನಡುವೆ ಒಂದು ಸಾಲು. ‘ಕೊನೆಯಲ್ಲಿ ಲೀ ಗುಂಡು ತಗುಲಿ ಬಿದ್ದಾಗ ನನಗೆ ಅಳು ಬರಲಿಲ್ಲ ಅತ್ತೆ, ಜೆಸ್ಸಿಗೆ ಒಳ್ಳೆ ಫ್ರೇಮ್ ಸಿಕ್ಕಿತು ಅನಿಸಿತು. ನಾನು ಕಲ್ಲಾಗುತ್ತಿದ್ದೇನಾ?’ ಅದನ್ನು ಓದಿದ ಮೇಲೆ ಮುಂದಿನದು ತಲೆಗೆ ಹೋಗಲಿಲ್ಲ.

ನಾನೂ ಆ ಸಿನಿಮಾ ನೋಡಿದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಒಂದಾಗಿ ವಾಷಿಂಗ್ಟನ್ ಮೇಲೆ ಏರಿ ಹೋಗುತ್ತವೆ, ಜಗಳ ಯಾಕೆ ಶುರುವಾಯಿತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಿನಗೆ ಅದು ಕೊರತೆ ಅನಿಸಿತಂತೆ. ನನಗೆ ಅನಿಸಲಿಲ್ಲ. ಆ ಕೆಂಪು ಕನ್ನಡಕದ ಮನುಷ್ಯ ಹೆಣಗಳ ಗುಂಡಿಯ ಪಕ್ಕ ನಿಂತು, ನೀನು ಯಾವ ಥರದ ಅಮೆರಿಕನ್ ಅಂತ ಒಬ್ಬೊಬ್ಬರನ್ನೇ ಕೇಳುತ್ತಾನಲ್ಲ, ಅಷ್ಟು ಸಾಕು. ಹಾಂಗ್‌ಕಾಂಗ್ ಅಂದವನು ಅಲ್ಲೇ ಸತ್ತ. ಅಂಥ ಪ್ರಶ್ನೆ ಕೇಳುವ ದಿನ ಬಂದ ಮೇಲೆ ಕಾರಣ ಯಾರಿಗೆ ಬೇಕು?

1991ರ ಡಿಸೆಂಬರ್‌ನಲ್ಲಿ ನಾನು ಇಲ್ಲೇ ಬೆಂಗಳೂರಲ್ಲಿ ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ತಮಿಳುನಾಡಿಗೆ ನೀರು ಬಿಡಿ ಅನ್ನುವ ಕಾವೇರಿ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂದಿತ್ತು. ತಮಿಳರ ಮನೆ, ಅಂಗಡಿ ಹುಡುಕಿ ಹುಡುಕಿ ಬೆಂಕಿ ಇಟ್ಟರು. ಆಮೇಲೆ ಕರ್ಫ್ಯೂ. ನಮ್ಮಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಹೊರಗಿಂದ ಬಂದವನು ಸೀದಾ ಡಾರ್ಕ್‌ರೂಮಿಗೆ ಹೋಗುತ್ತಿದ್ದ, ಪ್ರಿಂಟ್ ಇನ್ನೂ ಒದ್ದೆ ಇರುವಾಗಲೇ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದ. ನಾನು ಯಾವ ಏರಿಯಾ, ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಕ್ಯಾಪ್ಷನ್ ಬರೆಯುತ್ತಿದ್ದೆ. ಅವನು ಶಾಂತವಾಗಿ ಉತ್ತರ ಕೊಡುತ್ತಿದ್ದ. ಎಷ್ಟು ಗಟ್ಟಿ ಮನುಷ್ಯ ಅಂದುಕೊಂಡಿದ್ದೆವು ನಾವೆಲ್ಲ. ವರ್ಷಗಳಾದ ಮೇಲೆ, ಯಾವ ಗಲಾಟೆಯೂ ಇಲ್ಲದ ಒಂದು ಮಧ್ಯಾಹ್ನ, ಪಟಾಕಿ ಸದ್ದಿಗೆ ಅವನು ಮೇಜಿನ ಕೆಳಗೆ ಕೂತುಬಿಟ್ಟ. ಆಮೇಲೆ ಕ್ಯಾಮೆರಾ ಮುಟ್ಟಲಿಲ್ಲ. ಈಗ ಅವನಿಲ್ಲ. ಅವತ್ತು ಏನೇನು ನೋಡಿದೆ ಅಂತ ಕೇಳಲು ನನಗೆ ಎಷ್ಟೋ ಸಂಜೆ ಬಿಡುವಿತ್ತು ಪುಟ್ಟಿ. ಆಗ ಅದು ಕೇಳಬೇಕಾದ ಮಾತು ಅಂತ ಡೆಸ್ಕ್‌ನಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

ಆದ್ದರಿಂದ ಕಲ್ಲು ಅನ್ನೋ ಮಾತು ನಾನು ಒಪ್ಪಲ್ಲ. ಆ ಹೊತ್ತಿನಲ್ಲಿ ಅಳದೆ ಇರುವುದು ಸಾಲ ಇದ್ದ ಹಾಗೆ. ತೀರಿಸುವ ದಿನ ಬಂದೇ ಬರುತ್ತೆ. ಸಿನಿಮಾದಲ್ಲೂ ಅದೇ ಇದೆ, ಇನ್ನೊಂದು ಸಲ ನೋಡು. ಪೆಟ್ರೋಲ್ ಬಂಕ್‌ನಲ್ಲಿ ಚಿತ್ರಹಿಂಸೆ ಕೊಟ್ಟು ಮನುಷ್ಯರನ್ನು ತೂಗು ಹಾಕಿದ್ದಾಗ ಕೈ ನಡುಗದೆ ಫೋಟೋ ತೆಗೆದವಳು ಲೀ. ಜೆಸ್ಸಿಗೆ ಕ್ಯಾಮೆರಾ ಎತ್ತಲೂ ಆಗಿರಲಿಲ್ಲ. ನಾವು ಪ್ರಶ್ನೆ ಕೇಳುವವರಲ್ಲ, ದಾಖಲಿಸುವವರು ಅಂತ ಲೀ ಅವಳಿಗೆ ಪಾಠ ಹೇಳಿದಳು. ಆಮೇಲೆ ಅವರ ಜೊತೆಗಿದ್ದ ಹಿರಿಯ ಪತ್ರಕರ್ತ ಸ್ಯಾಮಿ ಸತ್ತಾಗ ಅವನ ಫೋಟೋ ಅಳಿಸಿದವಳೂ ಅವಳೇ, ವಾಷಿಂಗ್ಟನ್ ಬೀದಿಯಲ್ಲಿ ಮುದುಡಿ ಕೂತವಳೂ ಅವಳೇ. ಜೆಸ್ಸಿ ಅವಳನ್ನು ದಾಟಿ ಓಡಿದಳು. ನಿನ್ನ ಹೊಟ್ಟೆಯಲ್ಲಿ ತಣ್ಣಗಾದದ್ದು ಅಲ್ಲಿ, ಅಲ್ವಾ? ನನಗೂ ಅಲ್ಲೇ.

ಅವರಿಬ್ಬರ ಮಾತಲ್ಲಿ ಇನ್ನೊಬ್ಬ ಲೀ ಬರುತ್ತಾಳಲ್ಲ, ಲೀ ಮಿಲ್ಲರ್. 1945ರಲ್ಲಿ ಜರ್ಮನಿಯ ಡಕಾವ್ ಎಂಬ ನಾಜಿ ಕ್ಯಾಂಪಿನ ಹೆಣಗಳನ್ನು ಫೋಟೋ ತೆಗೆದವಳು. ಯುದ್ಧ ಮುಗಿದ ಮೇಲೆ ಆ ಚಿತ್ರಗಳು ಮನೆಯ ಅಟ್ಟ ಸೇರಿದವು. ಅವಳು ಅಡುಗೆಯಲ್ಲಿ ಮುಳುಗಿದಳು, ಕುಡಿಯುತ್ತಿದ್ದಳು. 1977ರಲ್ಲಿ ಅವಳು ತೀರಿಕೊಂಡ ಮೇಲೆ ಆ ಪೆಟ್ಟಿಗೆಗಳು ಸಿಕ್ಕವು. ತಾಯಿ ಏನು ಕಂಡಿದ್ದಳು ಅಂತ ಮಗನಿಗೆ ಸರಿಯಾಗಿ ಗೊತ್ತಾದದ್ದೇ ಆಗ.

ನಿನ್ನ ಕಾಗದದ ಕೊನೆಯಲ್ಲಿ, ಮಣಿಪುರಕ್ಕೆ ಹೋಗುವ ತಂಡಕ್ಕೆ ಹೆಸರು ಕೊಟ್ಟಿದ್ದೇನೆ ಅಂತ ಹಗುರವಾಗಿ ಬರೆದಿದ್ದೀಯ. ಬೇಡ ಅನ್ನಲು ನಾನು ಯಾರು? 2023ರ ಮೇ ತಿಂಗಳಲ್ಲಿ ಎರಡು ಸಮುದಾಯಗಳ ನಡುವೆ ಗಲಭೆ ಶುರುವಾದಾಗಿನಿಂದ ಅಲ್ಲಿ ಕಣಿವೆಯ ಮೈತೇಯಿಗಳು ಬೆಟ್ಟಕ್ಕೆ ಹತ್ತುವ ಹಾಗಿಲ್ಲ, ಬೆಟ್ಟದ ಕುಕಿಗಳು ಇಂಫಾಲಕ್ಕೆ ಇಳಿಯುವ ಹಾಗಿಲ್ಲ, ನಡುವೆ ಭದ್ರತಾ ಪಡೆಗಳು ಕಾಯುತ್ತವೆ ಅಂತ ಓದಿದ್ದೇನೆ. ಕೆಂಪು ಕನ್ನಡಕದವನ ಪ್ರಶ್ನೆ ಅಲ್ಲಿ ನಿನ್ನ ಡ್ರೈವರ್‌ಗೆ ಬರುತ್ತೆ. ಅವನು ಎಲ್ಲಿಯವರೆಗೆ ಬರಬಲ್ಲ ಅಂತ ಅವನನ್ನೇ ಕೇಳು, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಕರೆಯಬೇಡ. ಇದೆಲ್ಲ ನಿಮ್ಮ ಆಫೀಸಿನಲ್ಲಿ ಹೇಳಿಕೊಟ್ಟಿರುತ್ತಾರೆ, ಡೆಸ್ಕ್‌ನಲ್ಲೇ ಕೂತವಳ ಮಾತು ಅಂತ ಬೇಕಾದರೆ ಬಿಡು.

ಜೆಸ್ಸಿ ಒಂದು ಕಡೆ ಅನ್ನುತ್ತಾಳಲ್ಲ, ಇಷ್ಟು ಹೆದರಿದ್ದೂ ಇಲ್ಲ, ಜೀವಂತವಾಗಿದ್ದೇನೆ ಅಂತ ಇಷ್ಟು ಅನಿಸಿದ್ದೂ ಇಲ್ಲ ಅಂತ. ಅದನ್ನು ಕೇಳಿದಾಗ ನಿನ್ನ ಮುಖವೇ ಕಣ್ಣ ಮುಂದೆ ಬಂತು. ಅಳು ಬರಲಿಲ್ಲ ಅನ್ನುವುದಕ್ಕಿಂತ ಅದು ನನ್ನನ್ನು ಹೆದರಿಸುತ್ತೆ. ರಾಯಿಟರ್ಸ್‌ನ ಫೋಟೋಗ್ರಾಫರ್ ದಾನಿಶ್ ಸಿದ್ದಿಕಿ ತೆಗೆದ ಕೋವಿಡ್ ಚಿತೆಗಳ ಫೋಟೋವನ್ನು ನೀನು ಗೋಡೆಗೆ ಅಂಟಿಸಿದ್ದೀಯ. 2021ರಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೊಲ್ಡಾಕ್‌ನಲ್ಲಿ ಅವರು ಸತ್ತ ಸುದ್ದಿ ಬಂದಾಗ ನೀನು ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಿದ್ದೆ. ಮರೆತಿಲ್ಲ ತಾನೆ?

ಅಲ್ಲಿ ದಿನಾ ರಾತ್ರಿ ಯಾರಿಗಾದರೂ ಹೇಳು, ನನಗೇ ಆಗಬೇಕು ಅಂತಿಲ್ಲ. ಅಚ್ಚಾಗದ ಫೋಟೋಗಳನ್ನೂ ಇಟ್ಟುಕೋ, ನನಗೂ ಕಳಿಸು, ನೋಡಲು ಕಷ್ಟವಾದರೂ ನೋಡುತ್ತೇನೆ. ಕಾಗದ ಬರೆಯಲು ಬಿಡುವಾಗದಿದ್ದರೆ ಫೋನಿನಲ್ಲಿ ಮಾತಾಡಿ ಕಳಿಸಿಬಿಡು. ನೆಟ್ ನಿಲ್ಲಿಸಿದರೆ ಮಾಮೂಲಿ ಕಾಲ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಮಣಿಪುರದ ವಿಷಯ ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ ಅಂತ ಕಾಣುತ್ತೆ. ನೀನೇ ಹೇಳು. ಹೊರಡುವ ಮುಂಚೆ ಹೇಳು.

ನಿನ್ನ,
ಅತ್ತೆ